ತೊಗಟೆ ಓದುವ ವಿದ್ಯೆ

ಕಾಡಿನ ಮರಗಳನ್ನೆಲ್ಲ ಎಣಿಸುವುದು ಆಗದ ಮಾತು. ಅದಕ್ಕೇ ಅರಣ್ಯ ಸಮೀಕ್ಷೆಯವರು ಅಲ್ಲಲ್ಲಿ ಮಾದರಿ ಪ್ಲಾಟು ಗುರುತಿಸಿ, ಅದರೊಳಗಿನ ಮರಗಳನ್ನು ಒಂದೂ ಬಿಡದೆ ದಾಖಲಿಸುತ್ತಾರೆ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಬಹುಕಾಲ ಬಳಸಿದ ಪ್ಲಾಟು 0.1 ಹೆಕ್ಟೇರಿನದು, ಅಂದರೆ ಸುಮಾರು ಹತ್ತು ಗುಂಟೆ.

ಅಳತೆಗೆ ಕಟ್ಟುನಿಟ್ಟಿನ ಕ್ರಮವಿದೆ. ಟೇಪು ಸುತ್ತುವುದು ನೆಲದಿಂದ 1.37 ಮೀಟರ್ ಎತ್ತರದಲ್ಲಿ. ಇಳಿಜಾರಾದರೆ ಏರುಬದಿಯಿಂದ ಲೆಕ್ಕ. ಆ ಎತ್ತರಕ್ಕಿಂತ ಕೆಳಗೇ ಕವಲೊಡೆದಿದ್ದರೆ ಅದು ಎರಡು ಮರ.

ನಿಜವಾದ ಕಸುಬು ಇರುವುದು ಜಾತಿ ಗುರುತಿಸುವುದರಲ್ಲಿ. ಪಶ್ಚಿಮ ಘಟ್ಟದ ದೊಡ್ಡ ಮರಗಳ ಎಲೆ ಕೈಗೂ ಸಿಗದು, ಕಣ್ಣಿಗೂ ಸರಿಯಾಗಿ ಕಾಣದು. ಆಗ ತೊಗಟೆಯೇ ಗತಿ. ಮತ್ತಿಯ ತೊಗಟೆ ಮೊಸಳೆ ಬೆನ್ನಿನಂತೆ ಚೌಕಚೌಕವಾಗಿ ಬಿರಿದಿರುತ್ತದೆ. ನಂದಿಯದು ಬಿಳಿಚು, ನುಣುಪು. ಅನುಮಾನವಾದರೆ ಕತ್ತಿಯ ಮೊನೆಯಿಂದ ಚೂರೇ ಚೂರು ಗೀರಿ, ಒಸರುವ ಸೊನೆ ನೋಡುತ್ತಾರೆ. ಹಲಸಿನದು ಬಿಳಿ, ಉಪ್ಪಾಗೆಯದು ಹಳದಿ. ಹೊಳೆಗೇರಿನ ಸೊನೆ ಗಾಳಿಗೆ ಕಪ್ಪಾಗುತ್ತದೆ. ಮೈಗೆ ತಾಗಿದರೆ ಬೊಕ್ಕೆ ಏಳುತ್ತದೆ. ಹಾಗಾಗಿ ಪಳಗಿದವರು ಆ ಮರವನ್ನು ದೂರದಿಂದಲೇ ಗುರುತಿಸಲು ಕಲಿತಿರುತ್ತಾರೆ.

ಕೆಂಪು ಸೊನೆ ಕಂಡಕೂಡಲೇ ಹೆಸರು ಬರೆದುಬಿಡುವಂತಿಲ್ಲ. ಹೊನ್ನೆಯದೂ ಕೆಂಪು, ರಕ್ತಮರದ್ದೂ ಕೆಂಪು. ಬುಡದಲ್ಲಿ ಬಿದ್ದ ಎಲೆ ಹೆಕ್ಕಿ ನೋಡಬೇಕು. ಒಂದೇ ದಂಟಿನಲ್ಲಿ ಹಲವು ಎಲೆಗಳಿದ್ದರೆ ಹೊನ್ನೆ. ಒಂಟಿ ಎಲೆ, ಅದರ ತಳ ಬೂದುಬಿಳುಪು, ಕೊಂಬೆಗಳು ಅಡ್ಡಡ್ಡ ಚಾಚಿದ್ದರೆ ರಕ್ತಮರ. ಹೊನ್ನೆ ಎಲೆಯುದುರುವ ಕಾಡಿನದು, ರಕ್ತಮರ ನಿತ್ಯಹರಿದ್ವರ್ಣ ಕಾಡಿನದು. ತೊಗಟೆ, ಸೊನೆ, ಎಲೆ, ನೆಲೆ ನಾಲ್ಕೂ ಒಂದೇ ಮಾತು ಹೇಳಿದಾಗಲೇ ಹೆಸರು ಗಟ್ಟಿ.

ಆದರೂ ಗೊತ್ತಾಗದಿದ್ದರೆ ಊಹಿಸಿ ಬರೆಯುವುದಿಲ್ಲ. ಮರಕ್ಕೆ ತಾತ್ಕಾಲಿಕ ಸಂಖ್ಯೆ ಕೊಟ್ಟು, ಎಲೆ, ಹೂ, ಕಾಯಿ ಇರುವ ಟೊಂಗೆಯನ್ನು ಹಳೆಯ ಪತ್ರಿಕೆಯ ನಡುವೆ ಒತ್ತಿ ಒಣಗಿಸುತ್ತಾರೆ. ಹರ್ಬೇರಿಯಂನ, ಅಂದರೆ ಒಣಗಿಸಿಟ್ಟ ಸಸ್ಯಗಳ ಸಂಗ್ರಹದ, ಮಾದರಿಗಳ ಜೊತೆ ಹೋಲಿಸಿದ ಮೇಲೆಯೇ ಹೆಸರು ಪಟ್ಟಿಗೇರುತ್ತದೆ. ನನ್ನ ಮಟ್ಟಿಗೆ ಈ ಕಸುಬಿನ ದೊಡ್ಡತನ ಇರುವುದು ಈ ತಾಳ್ಮೆಯಲ್ಲಿ.

ಈ ತಾಳ್ಮೆ ಸುಮ್ಮನೆ ಅಲ್ಲ. ಸುತ್ತಳತೆಯಿಂದ ಮರದ ಗಾತ್ರ ಕಂಡುಹಿಡಿಯುವ ಸೂತ್ರ ಜಾತಿಯಿಂದ ಜಾತಿಗೆ ಬೇರೆ. ಹೆಸರು ತಪ್ಪಿದರೆ ಗಾತ್ರವೂ ತಪ್ಪು, ಮರ ಹಿಡಿದಿಟ್ಟ ಇಂಗಾಲದ ಅಂದಾಜೂ ತಪ್ಪು. ಒಂದು ಪ್ಲಾಟು ಸುತ್ತಲಿನ ವಿಶಾಲ ಕಾಡಿನ ಪ್ರತಿನಿಧಿ. ಅಲ್ಲಿನ ತಪ್ಪು ಅಷ್ಟೂ ಕಾಡಿಗೆ ಹಬ್ಬುತ್ತದೆ. ಮುದುಮಲೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ಗುರುತಿಸಿದ 50 ಹೆಕ್ಟೇರಿನ ಪ್ಲಾಟಿನಲ್ಲಿ ಒಂದು ಸೆಂಟಿಮೀಟರ್ ದಪ್ಪದ ಗಿಡಕ್ಕೂ ಸಂಖ್ಯೆಯಿದೆ. ಬೆಂಕಿ, ಬರ, ಆನೆಗಳಿಂದ ಯಾವ ಜಾತಿ ಸೋತಿತು, ಯಾವುದು ಉಳಿಯಿತು ಎಂದು ಹೇಳಲು ಬರುವುದು ಹೆಸರು ಸರಿಯಿದ್ದರೆ ಮಾತ್ರ.

ತೊಗಟೆ ನೋಡಿ ಮರದ ಹೆಸರು ಹೇಳುವ ಹಿರಿಯರು ನಿಮ್ಮೂರಿನಲ್ಲಿದ್ದರೆ ಒಮ್ಮೆ ಅವರ ಜೊತೆ ಕಾಡಿಗೆ ಹೋಗಿಬನ್ನಿ. ಈ ವಿದ್ಯೆ ಇವತ್ತಿಗೂ ಕಲಿಯಲು ಸಿಗುವುದು ಮರದ ಬುಡದಲ್ಲೇ.