ಮುಂಬೈಯ ನಾಲ್ಕನೆಯ ಸೀಟು

ಊರಿಂದ ಹೊಸದಾಗಿ ಮುಂಬೈಗೆ ಬಂದ ಹುಡುಗ ಹುಡುಗಿಯರು ಮೊದಲ ತಿಂಗಳು ಮನೆಗೆ ಫೋನ್ ಮಾಡಿ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಇಲ್ಲಿ ಯಾರೂ ಯಾರನ್ನೂ ಮಾತಾಡಿಸೋದಿಲ್ಲ." ಎದುರು ಮನೆಯವರ ಹೆಸರು ಗೊತ್ತಿಲ್ಲ. ಲಿಫ್ಟಿನಲ್ಲಿ ಎಲ್ಲರ ಕಣ್ಣೂ ಮೊಬೈಲಿನ ಮೇಲೆ. ಧಾರವಾಡದ ಕಡೆ "ಊಟ ಆತೇನು?" ಎಂದೋ, ಉಡುಪಿಯ ಕಡೆ "ಒಣಸ್ ಆಂಡಾ?" ಎಂದೋ ಕೇಳದೆ ಯಾರೂ ಎದುರಿನಿಂದ ಹಾದುಹೋಗುವುದಿಲ್ಲ. ಅದನ್ನೇ ಸ್ನೇಹದ ಅಳತೆಗೋಲು ಮಾಡಿಕೊಂಡು ಬಂದವರಿಗೆ ಈ ಊರು ಕಲ್ಲಿನಂತೆ ಕಾಣುವುದು ಸಹಜ. ಆದರೆ ಇಲ್ಲಿ ಇಪ್ಪತ್ತು ವರ್ಷ ಕಳೆದ ಕನ್ನಡಿಗರನ್ನು ಕೇಳಿ, "ಮುಂಬೈ ಜನ ಬಹಳ ಒಳ್ಳೆಯವರು" ಎನ್ನುವವರೇ ಹೆಚ್ಚು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಈ ಊರಿನ ಸ್ನೇಹ ಬಾಯಲ್ಲಿಲ್ಲ, ಕೈಯಲ್ಲಿದೆ. ಅದನ್ನು ಗುರುತಿಸಲು ಸ್ವಲ್ಪ ಕಾಲ ಬೇಕು, ಅಷ್ಟೆ.

ಗುರುತಿಸಲು ಒಳ್ಳೆಯ ಜಾಗ ಲೋಕಲ್ ರೈಲು. ಸೆಕೆಂಡ್ ಕ್ಲಾಸಿನ ಬೆಂಚು ಮೂವರಿಗಾಗಿ ಮಾಡಿದ್ದು. ಅದರಲ್ಲಿ ನಾಲ್ವರು ಕೂರುತ್ತಾರೆ. ನಾಲ್ಕನೆಯವರಿಗೆ ಸಿಗುವುದು ಅರ್ಧ ಸೀಟೂ ಅಲ್ಲ, ಒಂದು ಕಾಲು ಓಣಿಯಲ್ಲೇ ಇರುತ್ತದೆ. ಆದರೂ ನಿಂತವರು ಕೈಯಲ್ಲಿ ಸುಮ್ಮನೆ ಸನ್ನೆ ಮಾಡಿದರೆ ಸಾಕು, ಮೂವರೂ ಮುಖ ಎತ್ತದೆ ಸರಿಯುತ್ತಾರೆ. ಥ್ಯಾಂಕ್ಸ್ ಹೇಳಿದರೆ ವಿಚಿತ್ರವಾಗಿ ನೋಡುತ್ತಾರೆ. ಬಾಗಿಲ ಹತ್ತಿರ ನಿಂತವರ ಚೀಲ ಕೈಯಿಂದ ಕೈಗೆ ದಾಟಿ ಮೇಲಿನ ರ‍್ಯಾಕಿಗೆ ಹೋಗುತ್ತದೆ, ಇಳಿಯುವಾಗ ಹಾಗೆಯೇ ವಾಪಸ್ ಬರುತ್ತದೆ. ಓಡುವ ರೈಲಿನ ಬಾಗಿಲಿಗೆ ಚಾಚಿದ ಕೈಯನ್ನು ಒಳಗಿನವರು ಹಿಡಿದು ಎಳೆದುಕೊಳ್ಳುವಾಗ ಅದು ಯಾರ ಕೈ, ಯಾವ ಜಾತಿಯ ಕೈ ಎಂದು ಕೇಳುವುದಿಲ್ಲ. ಹೆಂಗಸರ ಡಬ್ಬಿಯಲ್ಲಂತೂ ಬೇರೆಯದೇ ಸಂಸಾರ. ಸೊಪ್ಪು ಬಿಡಿಸುವುದು, ಹುಟ್ಟುಹಬ್ಬಕ್ಕೆ ಕೇಕು ಕತ್ತರಿಸುವುದು, ದಸರಾ ಬಂದರೆ ಡಬ್ಬಿಗೇ ಹೂವಿನ ಅಲಂಕಾರ.

ಹಾಗೆಂದು ಲೋಕಲ್ಲನ್ನು ಸ್ವರ್ಗ ಮಾಡುವುದು ಬೇಡ. ವಿರಾರ್ ಫಾಸ್ಟಿನಲ್ಲಿ ಬೋರಿವಲಿಗೆ ಇಳಿಯಲು ಹತ್ತಿದವರಿಗೆ ಏನಾಗುತ್ತದೆ ಎಂಬುದು ಪಶ್ಚಿಮ ಲೈನಿನ ಎಲ್ಲರಿಗೂ ಗೊತ್ತು. ದಿನಾ ಬರುವವರ ಗುಂಪುಗಳು ಕಿಟಕಿ ಸೀಟನ್ನು ತಮ್ಮ ಆಸ್ತಿ ಮಾಡಿಕೊಂಡಿರುತ್ತವೆ, ಹೊಸಬರು ಕೂತರೆ ಮಾತು ಖಾರವಾಗುತ್ತದೆ. ಈ ಊರು ಜಾಗ ಕೊಡುತ್ತದೆ, ಆದರೆ ಸಾಲಿನಲ್ಲಿ ನಿಂತವರಿಗೆ ಮಾತ್ರ.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ರೈಲು ನಿಂತಿತು, ಜನ ಎದೆಮಟ್ಟದ ನೀರಿನಲ್ಲಿ ಮನೆಯ ಕಡೆ ನಡೆದರು. ಆ ರಾತ್ರಿ ಗುಡಿಸಲಿನವರೂ ಕಟ್ಟಡದವರೂ ದಾರಿಹೋಕರಿಗೆ ಚಹಾ, ಬಿಸ್ಕತ್ತು, ಒಣಬಟ್ಟೆ ಕೊಟ್ಟರು, ಅಪರಿಚಿತರನ್ನು ಒಳಗೆ ಕರೆದು ಮಲಗಿಸಿದರು. ಅದನ್ನು ಕಂಡ ಕನ್ನಡಿಗರು ಇಂದಿಗೂ ಆ ಕಥೆ ಹೇಳುತ್ತಾರೆ, ಹೇಳಬೇಕಾದ್ದೇ.

ಆದರೆ ಅದೇ ಮನೆಯನ್ನು ಬಾಡಿಗೆಗೆ ಕೇಳಿ ನೋಡಿ!

ರಸ್ತೆಯ ಮುಂಬೈ ಬೇರೆ, ಹೌಸಿಂಗ್ ಸೊಸೈಟಿಯ ಮುಂಬೈ ಬೇರೆ. ರೈಲಿನಲ್ಲಿ ಯಾರೂ ಕೇಳದ ಪ್ರಶ್ನೆಗಳನ್ನೆಲ್ಲ ಏಜೆಂಟ್ ಐದೇ ನಿಮಿಷದಲ್ಲಿ ಕೇಳಿ ಮುಗಿಸುತ್ತಾನೆ. ಹೆಸರೇನು, ಅಡ್ಡಹೆಸರೇನು, ಮದುವೆ ಆಗಿದೆಯಾ, ಮೀನು ಮಾಂಸ ಮಾಡುತ್ತೀರಾ. ಮೀನಿಲ್ಲದೆ ಊಟ ಸೇರದ ಕರಾವಳಿಯವರು ಒಳ್ಳೆಯ ಮನೆಯನ್ನು ಈ ಕೊನೆಯ ಪ್ರಶ್ನೆಗೇ ಕಳೆದುಕೊಂಡದ್ದುಂಟು. ಒಂಟಿ ಹೆಣ್ಣುಮಕ್ಕಳಿಗೂ ಮುಸ್ಲಿಮರಿಗೂ ಇದು ಇನ್ನೂ ಕಷ್ಟ. ನಮ್ಮ ಭಟ್ಕಳದ, ಕಲಬುರಗಿಯ ಹುಡುಗರು ಒಳ್ಳೆಯ ಸಂಬಳವಿದ್ದೂ ಮನೆಯಿಂದ ಮನೆಗೆ ಅಲೆದದ್ದನ್ನು ಕೇಳಿದರೆ "ಮುಂಬೈ ಎಲ್ಲರದು" ಎನ್ನಲು ನಾಲಿಗೆ ಏಳುವುದಿಲ್ಲ. ಅದೇ 2005ರಲ್ಲಿ, ಅಹಮದಾಬಾದಿನ ಪಾರ್ಸಿ ಸೊಸೈಟಿಯೊಂದರ ಪ್ರಕರಣದಲ್ಲಿ, ಸಹಕಾರಿ ಸೊಸೈಟಿ ತನ್ನ ಸದಸ್ಯತ್ವವನ್ನು ಒಂದೇ ಸಮುದಾಯಕ್ಕೆ ಸೀಮಿತಗೊಳಿಸಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಬಾಗಿಲು ಮುಚ್ಚುವವರಿಗೆ ಅದೊಂದು ಆಸರೆಯೇ ಆಯಿತು.

ಮನೆ ಸಿಕ್ಕವರಿಗೆ ಒಂದು ಮಾತು. ಇಲ್ಲಿ ಹನ್ನೊಂದು ತಿಂಗಳ ಲೀವ್ ಆಂಡ್ ಲೈಸೆನ್ಸ್ ಕರಾರು ರೂಢಿ. 1999ರ ಮಹಾರಾಷ್ಟ್ರ ಬಾಡಿಗೆ ಕಾಯ್ದೆಯ ಪ್ರಕಾರ ಅದನ್ನು ಬರೆದು ನೋಂದಾಯಿಸುವ ಹೊಣೆ ಮಾಲೀಕರದು. ನೋಂದಾಯಿಸದಿದ್ದರೆ, ಜಗಳ ಬಂದಾಗ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಿಲ್ಲುತ್ತದೆ, ಅದು ಸುಳ್ಳೆಂದು ಮಾಲೀಕರು ಸಾಬೀತು ಮಾಡುವ ತನಕ. "ನಮ್ಮವರೇ ಅಲ್ವಾ, ಕಾಗದ ಯಾಕೆ" ಎನ್ನುವ ಕನ್ನಡದ ಮಾಲೀಕರಿಗೂ ಇದು ಅನ್ವಯಿಸುತ್ತದೆ.

ಬಾಗಿಲು ಮುಚ್ಚಿದ ಊರಿನಲ್ಲಿ ಹಿಂದಿನವರು ತಮ್ಮದೇ ಬಾಗಿಲು ಕಟ್ಟಿಕೊಂಡರು. ಮಾಟುಂಗಾದಲ್ಲಿ 1926ರಲ್ಲಿ ಮೈಸೂರು ಅಸೋಸಿಯೇಷನ್ ಹುಟ್ಟಿತು, 1933ರಲ್ಲಿ ಕರ್ನಾಟಕ ಸಂಘ. 1942ರಲ್ಲಿ ಮಾಟುಂಗಾ ಸ್ಟೇಷನ್ನಿನ ಪಕ್ಕ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರುವಾಯಿತು. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಫೋರ್ಟ್ ಕಡೆಯ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತು ಬ್ಯಾಂಕು ಸೇರಿದವರು, ವಕೀಲರಾದವರು ಎಷ್ಟೋ ಜನ. ಇಂದು ಬರುವ ಸಾಫ್ಟ್‌ವೇರ್ ಹುಡುಗನಿಗೆ ಅಂಥ ಆಸರೆ ಬೇಕಿಲ್ಲ ಎನಿಸಬಹುದು. ಜ್ವರ ಬಂದು ಮಲಗಿದ ದಿನ ಗಂಜಿ ತಂದುಕೊಡುವವರು ಯಾರು ಎಂಬುದು ಆ್ಯಪಿನಲ್ಲಿ ಬಗೆಹರಿಯುವ ವಿಷಯವಲ್ಲ.

ಆದರೂ ಸಂಘದ ಅಂಗಳದಲ್ಲೇ ಇಡೀ ಜೀವನ ಕಳೆಯುವವರ ಬಗ್ಗೆ ನನಗೆ ಒಂದು ತಕರಾರಿದೆ. ಬೆಂಗಳೂರಿಗೆ ಬಂದವರು ಹತ್ತು ವರ್ಷವಾದರೂ ಕನ್ನಡ ಕಲಿಯಲಿಲ್ಲ ಎಂದು ನಾವು ಸಿಟ್ಟಾಗುತ್ತೇವೆ, ಆ ವೀಡಿಯೋಗಳನ್ನು ನಾವೇ ಫಾರ್ವರ್ಡ್ ಮಾಡುತ್ತೇವೆ. ಇಲ್ಲಿ ವಲಸಿಗರು ನಾವು. ಡೊಂಬಿವಲಿಯಲ್ಲೋ ಠಾಣೆಯಲ್ಲೋ ಮೂವತ್ತು ವರ್ಷ ಇದ್ದು, ಮುರುಕು ಹಿಂದಿಯಲ್ಲೇ ದಿನ ದೂಡಿ, "ಮರಾಠಿಯವರು ನಮ್ಮನ್ನು ಹತ್ತಿರ ಸೇರಿಸೋದಿಲ್ಲ" ಎಂದರೆ ಆ ದೂರಿಗೆ ತೂಕವಿಲ್ಲ. ಭಾಷೆಯ ಹೆಸರಿನಲ್ಲಿ ಅಂಗಡಿಯವನ ಕೆನ್ನೆಗೆ ಹೊಡೆಯುವುದನ್ನು ಒಪ್ಪಬೇಕಿಲ್ಲ. ಅದು ಅಲ್ಲೂ ತಪ್ಪು, ಇಲ್ಲೂ ತಪ್ಪು. ಆದರೆ ಹೊಡೆತಕ್ಕೆ ಹೆದರಿ ಕಲಿಯುವುದಕ್ಕೂ ನೆರೆಯವರ ಮೇಲಿನ ಅಕ್ಕರೆಗೆ ಕಲಿಯುವುದಕ್ಕೂ ಬಹಳ ವ್ಯತ್ಯಾಸವಿದೆ.

ಕನ್ನಡಿಗರಿಗೆ ಮರಾಠಿ ಕಷ್ಟವೂ ಅಲ್ಲ. ಅಣ್ಣಾ, ಅಕ್ಕಾ ಅವರಿಗೂ ಗೊತ್ತು. ತರಕಾರಿ ಮಾರುವ ಹೆಂಗಸನ್ನು ಅವರು "ತಾಯಿ" ಎಂದು ಕರೆಯುವುದು ಕೇಳಿದರೆ ಮೊದಮೊದಲು ನಮ್ಮ ಕಿವಿ ನೆಟ್ಟಗಾಗುತ್ತದೆ. ಅವರ ಲೆಕ್ಕದಲ್ಲಿ ಅದು ಅಕ್ಕ. ನಮ್ಮ ಲೆಕ್ಕದಲ್ಲಿ ಅಮ್ಮ. ಎರಡರಲ್ಲಿ ಯಾವ ಅರ್ಥದಲ್ಲಿ ಕರೆದರೂ ಕೊತ್ತಂಬರಿ ಕಟ್ಟು ಒಂದು ಹೆಚ್ಚಿಗೆ ಬರುತ್ತದೆ.

ಸೊಸೈಟಿಯ ಬಾಗಿಲೂ ವರ್ಷಕ್ಕೊಮ್ಮೆ ತಾನಾಗಿ ತೆರೆಯುತ್ತದೆ. ಗಣಪತಿಗೆ ಮುಂಚೆ ರಸೀದಿ ಪುಸ್ತಕ ಹಿಡಿದು ವಂತಿಗೆಗೆ ಬರುವ ಹುಡುಗರಿಗೆ ಹಣ ಕೊಟ್ಟು ಬಾಗಿಲು ಹಾಕಿಕೊಳ್ಳಬೇಡಿ. ಸಂಜೆ ಆರತಿಗೆ ಕೆಳಗಿಳಿಯಿರಿ, ದೇವರ ಮೇಲೆ ನಂಬಿಕೆ ಇಲ್ಲದಿದ್ದರೆ ಕುರ್ಚಿ ಜೋಡಿಸಲು ನಿಲ್ಲಿ. ಒಂದು ದಿನದ ಪ್ರಸಾದ ನಮ್ಮ ಮನೆಯದು ಎಂದು ಹೇಳಿ, ಹಯಗ್ರೀವವನ್ನೋ ಚಿತ್ರಾನ್ನವನ್ನೋ ಮಾಡಿ ಕೊಡಿ. ಅದು ಏನು, ಹೇಗೆ ಮಾಡುವುದು ಎಂದು ಕೇಳಿಕೊಂಡು ಮರುದಿನ ಒಬ್ಬರಾದರೂ ಬಾಗಿಲು ತಟ್ಟುತ್ತಾರೆ. ವಿಸರ್ಜನೆ ಮುಗಿದ ಮೇಲೆ ಲಿಫ್ಟಿನಲ್ಲಿ ಸಿಕ್ಕವರು ಆಗಲೂ ಹೆಚ್ಚು ಮಾತಾಡುವುದಿಲ್ಲ, ನಿಮ್ಮ ಮಹಡಿಯ ಬಟನ್ನನ್ನು ಮಾತ್ರ ಅವರೇ ಒತ್ತುತ್ತಾರೆ.