ಹೊಸ ಲ್ಯಾಪ್‌ಟಾಪ್ ಕೈಕೊಟ್ಟರೆ ಹಾಸನದಲ್ಲೇ ದೂರು ಕೊಡಬಹುದು

ಹೆತ್ತೂರು, ಯಸಳೂರು, ಹಾನುಬಾಳಿನ ಕಡೆಯಿಂದ ಕಾಲೇಜಿಗೆ ಹೊರಟ ಮಕ್ಕಳಿಗೆ ಈಗ ಲ್ಯಾಪ್‌ಟಾಪ್ ಬೇಕೇ ಬೇಕು. ಕಾಫಿ ಮಾರಿದ ದುಡ್ಡಲ್ಲೋ ಕಂತಿನ ಸಾಲದಲ್ಲೋ ತಂದದ್ದು ತಿಂಗಳೊಳಗೆ ಕೆಟ್ಟು ಕೂತರೆ ಮನೆಯವರ ಮೊದಲ ಚಿಂತೆ, ಇದಕ್ಕಾಗಿ ಬೆಂಗಳೂರಿಗೆ ಅಲೆಯುವವರು ಯಾರು ಎಂಬುದೇ. ಎಷ್ಟೋ ಜನ ಅಲ್ಲಿಗೇ ಕೈಚೆಲ್ಲುತ್ತಾರೆ. ಕೈಚೆಲ್ಲಬೇಕಿಲ್ಲ.

ವಾರಂಟಿಯಲ್ಲಿ ಎರಡು ಬಗೆ. ಒಂದರಲ್ಲಿ ಮೆಕ್ಯಾನಿಕ್ ಮನೆಗೇ ಬರುತ್ತಾನೆ, ಇನ್ನೊಂದರಲ್ಲಿ ನಾವೇ ಸರ್ವಿಸ್ ಸೆಂಟರಿಗೆ ಒಯ್ಯಬೇಕು. 'ಆನ್‌ಸೈಟ್' ಎಂದು ಬರೆದಿದ್ದರೂ ತೋಟದ ಮನೆಯ ತನಕ ಬರುತ್ತಾರೆಂಬ ಖಾತ್ರಿಯಿಲ್ಲ. ಸಕಲೇಶಪುರದ 573134 ಪಿನ್‌ಕೋಡ್ ಹೇಳಿ, ಕೊಳ್ಳುವ ಮೊದಲೇ ಕೇಳಿಬಿಡುವುದು ಒಳ್ಳೆಯದು.

ಆನ್‌ಲೈನಿನಲ್ಲಿ ತರಿಸಿದ್ದಾದರೆ ಬದಲಿ ಕೊಡುವ ಗಡುವು ಸಾಮಾನ್ಯವಾಗಿ ಕೆಲವೇ ದಿನ. ಪೆಟ್ಟಿಗೆ ಬಿಚ್ಚುವಾಗಲೇ ವಿಡಿಯೊ ಮಾಡಿ, ಅಂದೇ ಕೀಬೋರ್ಡ್, ಕ್ಯಾಮೆರಾ, ಚಾರ್ಜಿಂಗ್ ಎಲ್ಲ ನೋಡಬೇಕು. ಅಂಗಡಿಯಲ್ಲಿ ಕೊಂಡಿದ್ದರೆ 'ಕಂಪನಿಯನ್ನು ಕೇಳಿ' ಎಂಬ ಮಾತು ಬರುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಆ ಮಾತನ್ನು ಒಪ್ಪುವುದಿಲ್ಲ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆದಿರದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದೂ ಅನುಚಿತ ವ್ಯಾಪಾರವೇ.

ಎಲ್ಲಕ್ಕಿಂತ ಮುಖ್ಯವಾದದ್ದು ಸರ್ವಿಸ್ ಸೆಂಟರಿನಲ್ಲಿ ಕೊಡುವ ಜಾಬ್ ಶೀಟ್. ಓದದೆ ಸಹಿ ಹಾಕಬಾರದು. 'ಆನ್ ಆಗುತ್ತಿಲ್ಲ' ಎಂದು ನೀವು ಹೇಳಿದ್ದು ಹಾಗೆಯೇ ಬರೆದಿದೆಯೇ, ಸೀರಿಯಲ್ ನಂಬರ್ ಸರಿಯಿದೆಯೇ, ಇಲ್ಲದ ಗೀರು, ಬಿರುಕು ಸೇರಿಕೊಂಡಿವೆಯೇ ಎಂದು ನೋಡಬೇಕು. ಮಲೆನಾಡಿನವರಿಗಂತೂ ಇದು ಇನ್ನೂ ಅಗತ್ಯ. ನೀರು ತಾಗಿದ್ದಕ್ಕೂ ಸಿಡಿಲು, ವೋಲ್ಟೇಜ್ ಏರುಪೇರಿನಿಂದ ಸುಟ್ಟದ್ದಕ್ಕೂ ಸಾಮಾನ್ಯವಾಗಿ ವಾರಂಟಿ ಅನ್ವಯಿಸುವುದಿಲ್ಲ. ಮಳೆಗಾಲದ ಥಂಡಿಯಲ್ಲಿಟ್ಟ ಯಂತ್ರವನ್ನು 'ಲಿಕ್ವಿಡ್ ಡ್ಯಾಮೇಜ್' ಎಂದು ಪಕ್ಕಕ್ಕೆ ಸರಿಸಿದರೆ, ಆ ಗುರುತು ಎಲ್ಲಿದೆಯೆಂದು ಬಿಚ್ಚಿ ತೋರಿಸಲು ಕೇಳಿ, ಫೋಟೊ ತೆಗೆದುಕೊಳ್ಳಿ. ಕೊಡುವ ಮುನ್ನ ಕಡತಗಳನ್ನು ಬೇರೆಡೆ ನಕಲಿಸಿ, ಡಿಸ್ಕಿನ ಲಾಕ್ ತೆರೆಯುವ ಬಿಟ್‌ಲಾಕರ್ ಕೀ ಬರೆದಿಟ್ಟುಕೊಳ್ಳಿ. ಮದರ್‌ಬೋರ್ಡ್ ಬದಲಾದರೆ ವಿಂಡೋಸ್ ಅದನ್ನು ಕೇಳಬಹುದು.

ರಿಪೇರಿ ಬೇಡ, ಹೊಸದೇ ಬೇಕು ಎನ್ನುವವರು ಒಂದು ವಿಷಯ ತಿಳಿದಿರಬೇಕು. 2006ರಲ್ಲಿ ಮಾರುತಿ ಕಾರೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಾರಂಟಿಯಲ್ಲಿ ದೋಷವಿರುವ ಭಾಗ ಬದಲಿಸಿಕೊಡುತ್ತೇವೆಂದು ಮಾತ್ರ ಬರೆದಿರುವಾಗ ಇಡೀ ಕಾರನ್ನೇ ಬದಲಿಸಿ ಎನ್ನಲಾಗದು ಎಂದಿತು. ಲ್ಯಾಪ್‌ಟಾಪ್ ಕಂಪನಿಗಳೂ ಇದೇ ವಾದ ಹೂಡುತ್ತವೆ. ಹಾಗಾಗಿ ಅದೇ ದೋಷ ಮತ್ತೆ ಮತ್ತೆ ಮರುಕಳಿಸಿದೆ ಎಂಬುದಕ್ಕೆ ಪ್ರತಿ ಭೇಟಿಯ ಜಾಬ್ ಶೀಟ್ ಕೈಯಲ್ಲಿರಬೇಕು. ರಿಪೇರಿಯಿಂದ ಸರಿಹೋಗದ ಯಂತ್ರ ಇದು ಎಂದು ತೋರಿಸಲು ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ದೋಷ ಸರಿಪಡಿಸಿ, ಬದಲಿ ಕೊಡಿ, ಇಲ್ಲವೇ ಹಣ ಹಿಂತಿರುಗಿಸಿ ಎಂದು ಆದೇಶಿಸುವ ಅಧಿಕಾರ ಗ್ರಾಹಕ ಆಯೋಗಕ್ಕಿದೆ.

ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಎಷ್ಟೋ ತಕರಾರು ಅಲ್ಲೇ ಮುಗಿಯುತ್ತವೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಹಳೆಯ 1986ರ ಕಾಯ್ದೆಯಲ್ಲಿ ಇಲ್ಲದ ದೊಡ್ಡ ಅನುಕೂಲವೊಂದು ಈಗ ಸಿಕ್ಕಿದೆ: ಮಾರಿದವರು ದೆಹಲಿಯಲ್ಲಿರಲಿ, ಬೆಂಗಳೂರಿನಲ್ಲಿರಲಿ, ಆಲೂರಿನ ಗ್ರಾಹಕ ತನ್ನ ವಾಸದ ಆಧಾರದ ಮೇಲೆ ಹಾಸನದಲ್ಲೇ ದೂರು ಹೂಡಬಹುದು. ತೊಂದರೆ ಎದುರಾದ ಎರಡು ವರ್ಷದೊಳಗೆ ಹೂಡಬೇಕು, ಅಷ್ಟೇ. ಲ್ಯಾಬ್ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ, ಬೇಡವಾದರೆ ಮೂರು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ತಡವಾಗುವುದುಂಟು, ತಾಳ್ಮೆ ಬೇಕು. ಆನ್‌ಲೈನಿನಲ್ಲೂ ದೂರು ಸಲ್ಲಿಸಬಹುದು, ವಿಡಿಯೊ ಮೂಲಕ ವಿಚಾರಣೆಗೆ ಅವಕಾಶ ಕೋರಬಹುದು.

ಕೊಟ್ಟ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ಈ ದೂರಿಗೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂಬ ನಿಯಮವೂ ಇಲ್ಲ.