ಎತ್ತಿನ ಬಂಡಿ ಏರಿ ಹೋದ ತೋಟ

ನರ್ಸರಿಯಿಂದ ತೋಟಕ್ಕೆ ಗಿಡ ಸಾಗಿಸುವ ಕಷ್ಟವನ್ನು ನಮ್ಮ ಬೆಳೆಗಾರ ಬಾಂಧವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಕಾಫಿ ಸಸಿಗಳನ್ನು ಜೀಪಿನಲ್ಲಿ ಹೇರಿಕೊಂಡು ಹತ್ತು ಮೈಲಿ ತರುವಷ್ಟರಲ್ಲಿ ಬುಡದ ಮಣ್ಣು ಸಡಿಲಾಗಿ ನಾಲ್ಕಾರು ಸಸಿಗಳಾದರೂ ತಲೆ ಬಾಗಿಸುತ್ತವೆ. ಇಂತಹುದರಲ್ಲಿ, 700 ಹಣ್ಣಿನ ಗಿಡಗಳನ್ನು ಬಂಡಿಯೊಳಗೇ ನೆಟ್ಟು, ದಿನವೂ ನೀರುಣಿಸುತ್ತ, ಸುಮಾರು 2,000 ಮೈಲಿ ದೂರಕ್ಕೆ ಒಯ್ದ ಅಮೆರಿಕದ ರೈತನೊಬ್ಬನ ಮತ್ತು ಆತನ ಮನೆತನದ ವೃತ್ತಾಂತವನ್ನು ಈ ಸಲ ಓದುಗರ ಮುಂದಿಡುತ್ತಿದ್ದೇವೆ.

ಆತನ ಹೆಸರು ಹೆಂಡರ್ಸನ್ ಲುವೆಲಿಂಗ್. ಹುಟ್ಟಿದ್ದು 1809ರಲ್ಲಿ, ಉತ್ತರ ಕೆರೊಲಿನಾ ಪ್ರಾಂತ್ಯದಲ್ಲಿ. ತಂದೆಯೂ ಗಿಡ ಬೆಳೆಸಿ ಮಾರುವ ಕಸುಬಿನವನೇ. ಮನೆತನ ಕ್ವೇಕರ್ ಪಂಥಕ್ಕೆ ಸೇರಿದ್ದು. ಗುಲಾಮರನ್ನು ಇಟ್ಟುಕೊಳ್ಳುವುದು ಪಾಪವೆಂದು ನಂಬಿದ ಜನ. ಗುಲಾಮಗಿರಿ ಬೇರೂರಿದ್ದ ದಕ್ಷಿಣವನ್ನು ಬಿಟ್ಟು ಅನೇಕ ಕ್ವೇಕರ್ ಕುಟುಂಬಗಳು ಹೊರಟಂತೆ ಇವರೂ 1820ರ ದಶಕದಲ್ಲಿ ಇಂಡಿಯಾನಾಕ್ಕೆ ಹೋದರು. ಅಲ್ಲಿ ಹೆಂಡರ್ಸನ್ 1830ರಲ್ಲಿ ಜೇನ್ ಎಲಿಜಬೆತ್ ಎಂಬಾಕೆಯನ್ನು ಮದುವೆಯಾದ. ಆ ದಶಕದ ಕೊನೆಗೆ ಮತ್ತೆ ಗಂಟುಮೂಟೆ ಕಟ್ಟಿ, ಇನ್ನೂ ಪಶ್ಚಿಮಕ್ಕೆ, ಅಯೋವಾದ ಸೇಲಂ ಎಂಬ ಊರಿಗೆ. (ತಮಿಳುನಾಡಿನ ಸೇಲಂ ಅಲ್ಲ.) ಅಲ್ಲಿ ತಮ್ಮ ಜಾನ್ ಜೊತೆ ಸೇರಿ ಅಂಗಡಿಯನ್ನೂ ಕಸಿಗಿಡಗಳ ನರ್ಸರಿಯನ್ನೂ ನಡೆಸಿದ.

ಸೇಲಂನಲ್ಲಿ ಆತ ಕಟ್ಟಿಸಿದ ಕಲ್ಲುಮನೆ ಇಂದಿಗೂ ಇದೆ, ಈಗ ಅದು ವಸ್ತುಸಂಗ್ರಹಾಲಯ. ನೆಲದ ಹಲಗೆ ಎತ್ತಿದರೆ ಕೆಳಗೆ ಅಡಗುವ ಜಾಗ. ಗುಲಾಮಗಿರಿ ಇದ್ದ ಮಿಸೌರಿ ಪ್ರಾಂತ್ಯದ ಗಡಿ ಅಲ್ಲಿಂದ ದೂರವಿಲ್ಲ. ತಪ್ಪಿಸಿಕೊಂಡು ಬಂದವರಿಗೆ ಆ ಮನೆ ಆಸರೆಯಾಗಿತ್ತು. ಗುಲಾಮಗಿರಿಯನ್ನು ಎಷ್ಟು ಬಹಿರಂಗವಾಗಿ ಎದುರಿಸಬೇಕೆಂಬ ವಿಷಯದಲ್ಲಿ ಊರಿನ ಕ್ವೇಕರರೇ ಎರಡು ಪಾಲಾದಾಗ, ಬೇರೆ ಸಭೆ ಕಟ್ಟಿಕೊಂಡ ಕಡುನಿಷ್ಠರ ಗುಂಪಿನಲ್ಲಿ ಲುವೆಲಿಂಗನೂ ಇದ್ದ.

ಹೀಗಿದ್ದವನಿಗೆ ಆರೆಗನ್ ಎಂಬ ದೂರದ ನಾಡಿನ ಗೀಳು ಹಿಡಿಯಿತು. ಪೆಸಿಫಿಕ್ ಸಾಗರದ ಕಡೆಯ ಆ ಕಣಿವೆಗಳಲ್ಲಿ ಫಲವತ್ತಾದ ನೆಲ, ಮಿತವಾದ ಚಳಿ, ಬೇಕಾದಷ್ಟು ಮಳೆ ಎಂಬ ಸುದ್ದಿ. ಅಲ್ಲಿ ಸೇಬೇ ಇರಲಿಲ್ಲವೆಂದು ಕೆಲವರು ಬರೆಯುವುದುಂಟು, ಅದು ಸರಿಯಲ್ಲ. ಹಡ್ಸನ್ಸ್ ಬೇ ಕಂಪನಿಯ ವ್ಯಾಂಕೂವರ್ ಕೋಟೆಯಲ್ಲಿ 1826ರಲ್ಲಿ ಬೀಜದಿಂದ ಎಬ್ಬಿಸಿದ ಸೇಬಿನ ಮರವೊಂದು 2020ರವರೆಗೂ ಬದುಕಿತ್ತು. ಆದರೆ ಬೀಜದ ಸೇಬು ತಾಯಿಗುಣ ಉಳಿಸಿಕೊಳ್ಳುವುದಿಲ್ಲ. ಒಳ್ಳೆಯ ಜಾತಿ ಬೇಕಾದರೆ ಕಸಿ ಕಟ್ಟಲೇಬೇಕು, ಕಸಿಗೆ ಆ ಜಾತಿಯ ಜೀವಂತ ಕಡ್ಡಿ ಬೇಕು. ಕರಿಮೆಣಸಿನಲ್ಲಿ ಒಳ್ಳೆಯ ಬಳ್ಳಿಯ ತುಂಡನ್ನೇ ಹುಡುಕಿ ತಂದು ನೆಡುವ ನಮಗೆ ಇದರ ಬೆಲೆ ಗೊತ್ತು.

1847ರ ವಸಂತದಲ್ಲಿ ಲುವೆಲಿಂಗ್ ಬಂಡಿಯ ಅಳತೆಗೆ ಹನ್ನೆರಡು ಅಂಗುಲ ಆಳದ ಪೆಟ್ಟಿಗೆಗಳನ್ನು ಮಾಡಿಸಿ, ಇದ್ದಿಲು ಬೆರೆಸಿದ ಗೊಬ್ಬರದ ಮಣ್ಣು ತುಂಬಿದ. ಅದರಲ್ಲಿ ಸೇಬು, ಪೇರ್, ಪ್ಲಮ್, ಚೆರ್ರಿ ಮುಂತಾದ ಗಿಡಗಳನ್ನು ಒತ್ತಾಗಿ ನೆಟ್ಟ. ಚಿಕ್ಕವು ಇಪ್ಪತ್ತು ಅಂಗುಲ, ದೊಡ್ಡವು ನಾಲ್ಕು ಅಡಿ. ದನಗಳು ಬಾಯಿ ಹಾಕದಂತೆ ಸುತ್ತಲೂ ಮರದ ಪಟ್ಟಿ ಬಿಗಿದ. ಬೇರೆ ಬಂಡಿಗಳಲ್ಲಿ ಹೆಂಡತಿ, ಎಂಟು ಮಕ್ಕಳು, ದವಸ, ಸಾಮಾನು.

ಹಸಿಮಣ್ಣಿನ ಬಂಡಿಯ ಭಾರ ಎಷ್ಟಿರಬೇಕು, ಯೋಚಿಸಿ ನೋಡಿ. ಎತ್ತುಗಳು ಬಳಲಿದವು. ಪ್ಲಾಟ್ ನದಿಯ ಬಯಲು, ಮುಂದೆ ಒಣಭೂಮಿ, ಆಮೇಲೆ ರಾಕಿ ಪರ್ವತಗಳ ಸಾಲು. ಕುಡಿಯುವ ನೀರಿಗೇ ಪರದಾಡುವ ಕಡೆಗಳಲ್ಲೂ ಗಿಡಗಳಿಗೆ ನೀರು ತಪ್ಪಿಸಲಿಲ್ಲ. ಗಿಡ ಎಸೆದು ಜೀವ ಉಳಿಸಿಕೋ ಎಂದು ಜೊತೆಯ ಪ್ರಯಾಣಿಕರು ಬುದ್ಧಿ ಹೇಳಿದರು. ಮನೆಮಂದಿಗೆ ಅಪಾಯ ಬಾರದಿರುವವರೆಗೂ ಒಯ್ಯುವೆನೆಂಬುದೇ ಆತನ ಉತ್ತರವಾಗಿತ್ತಂತೆ. ಆ ಜನರು ಹೇಳಿದ್ದರಲ್ಲಿ ತಪ್ಪಿರಲಿಲ್ಲವೆಂದೇ ನಮಗೆ ತೋರುತ್ತದೆ. ಅದೇ ದಾರಿಯಲ್ಲಿ ಆ ವರ್ಷಗಳಲ್ಲಿ ಕಾಲರಾದಿಂದಲೂ ಅಪಘಾತಗಳಿಂದಲೂ ಸತ್ತವರು ಸಾವಿರಾರು ಮಂದಿ.

ಈ ಪ್ರಯಾಣದ ಬಗ್ಗೆ ಬರೆದವರೆಲ್ಲ ಗಿಡಗಳನ್ನು ಎಣಿಸಿದ್ದಾರೆ. ಜೇನ್ ಎಲಿಜಬೆತ್ ಗರ್ಭಿಣಿಯಾಗಿ ಆ ದಾರಿ ಸವೆಸಿದಳೆಂಬುದಕ್ಕೆ ಸಿಕ್ಕಿರುವುದು ಒಂದೆರಡು ಸಾಲು ಮಾತ್ರ. ಆರೆಗನ್ ತಲುಪಿದ ಚಳಿಗಾಲದಲ್ಲೇ ಹುಟ್ಟಿದ ಮಗುವಿಗೆ ನಾಡಿನ ಹೆಸರನ್ನೂ ನದಿಯ ಹೆಸರನ್ನೂ ಕೂಡಿಸಿ ಆರೆಗನ್ ಕೊಲಂಬಿಯಾ ಎಂದು ಹೆಸರಿಟ್ಟರು. ತಾಯಿ ಹೆಚ್ಚು ಕಾಲ ಬಾಳಲಿಲ್ಲ, 1851ರಲ್ಲಿ ತೀರಿಕೊಂಡಳು.

ಕೊಲಂಬಿಯಾ ನದಿಯ ದಡ ಮುಟ್ಟಿದಾಗ ಚಳಿ ಶುರುವಾಗಿತ್ತು. ಗಿಡಗಳನ್ನು ಪೆಟ್ಟಿಗೆಯಿಂದ ಬಿಡಿಸಿ, ಹಿಮ ತಾಗದಂತೆ ಬಟ್ಟೆ ಸುತ್ತಿ, ದೋಣಿಗೆ ಹೇರಿದರು. ನವೆಂಬರಿನಲ್ಲಿ ಕೆಳಕಣಿವೆ ಸೇರಿ, ವಿಲಾಮೆಟ್ ನದಿಯ ದಡದ ಮಿಲ್ವಾಕಿ ಎಂಬಲ್ಲಿ ನೆಲೆ ನಿಂತರು. 700ರಲ್ಲಿ ಉಳಿದದ್ದು ಸುಮಾರು ಅರ್ಧ.

ಆ ಅರ್ಧದಿಂದಲೇ ಒಂದು ಉದ್ದಿಮೆ ಹುಟ್ಟಿತು. ಅಯೋವಾದಿಂದಲೇ ಬಂದಿದ್ದ ವಿಲಿಯಂ ಮೀಕ್ ಎಂಬಾತನೂ ಒಂದಿಷ್ಟು ಗಿಡ, ಒಂದು ಚೀಲ ಸೇಬಿನ ಬೀಜ ತಂದಿದ್ದ. ಲುವೆಲಿಂಗನ ಮಗಳನ್ನು ಮದುವೆಯಾಗಿ ಆತ ಪಾಲುದಾರನೂ ಆದ. ಬೀಜದಿಂದ ಬೇರುಗಿಡ ಎಬ್ಬಿಸಿ, ಬಂಡಿಯ ಗಿಡಗಳಿಂದ ಕಡ್ಡಿ ಕೊಯ್ದು ಕಸಿ ಕಟ್ಟಿದರು. 1848ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿ ಜನ ನುಗ್ಗಿದ್ದರು. ಅವರ ಕೈಯಲ್ಲಿ ಚಿನ್ನವಿತ್ತು, ತಿನ್ನಲು ಹಣ್ಣಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಪೇಟೆಯಲ್ಲಿ ಆರೆಗನ್ ಸೇಬು ಪೌಂಡಿಗೆ ಒಂದು ಡಾಲರಿಗೂ ಮೇಲೆ ಬಿಕರಿಯಾಯಿತು. ಇಂತಹ ಧಾರಣೆ ಎಷ್ಟು ದಿನ ನಿಲ್ಲುತ್ತದೆಂದು ನಮ್ಮವರಿಗೆ ಹೇಳಬೇಕೆ! ಎಲ್ಲರೂ ಸೇಬು ನೆಟ್ಟರು, ಕ್ಯಾಲಿಫೋರ್ನಿಯಾದವರೂ ನೆಟ್ಟರು, ಬೆಲೆ ಬಿತ್ತು.

ಒಂದು ಚೆರ್ರಿ ಜಾತಿಯ ವಿಷಯ ಸ್ವಾರಸ್ಯವಾಗಿದೆ. ಪ್ರಯಾಣದಲ್ಲಿ ಹೆಸರಿನ ಚೀಟಿ ಕಳೆದುಹೋಗಿ, ನೆಪೋಲಿಯನ್ ಎಂಬ ಹಳೆಯ ಜಾತಿಗೆ ಆರೆಗನ್‌ನಲ್ಲಿ ರಾಯಲ್ ಆನ್ ಎಂಬ ಹೊಸ ಹೆಸರು ಅಂಟಿತಂತೆ. ನರ್ಸರಿಯಲ್ಲಿ ಚೀಟಿ ಕಳೆದುಕೊಂಡವರಿಗೆ ಸಮಾಧಾನ ಸಿಗಲಿ.

ಇಲ್ಲಿ ಒಂದು ಮಾತನ್ನು ಬಿಡಬಾರದು. ಈ ತೋಟ ಎದ್ದ ನೆಲ ಖಾಲಿ ನೆಲವಾಗಿರಲಿಲ್ಲ. ಕ್ಲಾಕಮಸ್, ಕಲಪೂಯ ಮೊದಲಾದ ಮೂಲಜನರ ನೆಲವಾಗಿತ್ತು. ಅವರೊಡನೆ ಒಪ್ಪಂದವಾಗುವ ಮೊದಲೇ, 1850ರ ಕಾಯಿದೆ ಬಿಳಿಯ ದಂಪತಿಗಳಿಗೆ 640 ಎಕರೆಯವರೆಗೆ ಉಚಿತವಾಗಿ ಹಂಚಿತು. 1856ರ ಹೊತ್ತಿಗೆ ಉಳಿದ ಮೂಲಜನರನ್ನು ಗ್ರ್ಯಾಂಡ್ ರಾಂಡ್ ಮೀಸಲು ಪ್ರದೇಶಕ್ಕೆ ಸಾಗಿಸಲಾಯಿತು. ಅಷ್ಟೇ ಅಲ್ಲ, ಕಪ್ಪು ಜನರು ಬಂದು ನೆಲೆಸಬಾರದೆಂದು ಆರೆಗನ್‌ನ ವಲಸಿಗರು 1844ರಲ್ಲೇ ಕಾನೂನು ಮಾಡಿದ್ದರು. ಸೇಲಂನಲ್ಲಿ ನೆಲದ ಹಲಗೆಯ ಕೆಳಗೆ ಜನರನ್ನು ಕಾಪಾಡಿದವನು ಬಂದು ಸೇರಿದ ನಾಡು ಇದು.

ಲುವೆಲಿಂಗ್ ಅಲ್ಲಿಯೂ ನಿಲ್ಲಲಿಲ್ಲ. 1854ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋಗಿ, ಓಕ್‌ಲೆಂಡ್ ಬಳಿ ಚೆರ್ರಿ ತೋಟ ಮಾಡಿ ಅದಕ್ಕೆ ಫ್ರೂಟ್‌ವೇಲ್, ಅಂದರೆ ಹಣ್ಣಿನ ಕಣಿವೆ, ಎಂದು ಹೆಸರಿಟ್ಟ. ಇಂದು ಅದೇ ಹೆಸರಿನಲ್ಲಿ ನಗರದ ಬಡಾವಣೆಯೂ ರೈಲು ನಿಲ್ದಾಣವೂ ಇವೆ. ಈ ಸ್ಥಿತಿಯಲ್ಲಿ ಸುಮ್ಮನಿದ್ದಿದ್ದರೆ ಸುಖವಾಗಿರುತ್ತಿದ್ದ. ಆದರೆ ಆದರ್ಶ ಸಮಾಜ ಕಟ್ಟುವ ಹುಚ್ಚು ಹತ್ತಿ, ಆಸ್ತಿ ಮಾರಿ, 1859ರಲ್ಲಿ ಒಂದು ಗುಂಪಿನೊಡನೆ ಮಧ್ಯ ಅಮೆರಿಕದ ಹೊಂಡುರಾಸ್‌ಗೆ ಹಡಗೇರಿದ. ಆ ವಸಾಹತು ಮುರಿದುಬಿತ್ತು, ಹಣ ಕರಗಿತು. ಮತ್ತೆ ಕ್ಯಾಲಿಫೋರ್ನಿಯಾಕ್ಕೆ ಬಂದವನು 1878ರ ಡಿಸೆಂಬರಿನಲ್ಲಿ, ಸ್ಯಾನ್ ಹೊಸೆ ಬಳಿ, ಹೊಸದೊಂದು ತೋಟಕ್ಕೆ ನೆಲ ಹಸನು ಮಾಡುತ್ತಿದ್ದಾಗಲೇ ಪ್ರಾಣ ಬಿಟ್ಟ. ಆಗ ಆತನಿಗೆ 69 ವರ್ಷ. ತಮ್ಮ ಜಾನ್ ಮತ್ತು ಅಳಿಯ ಮೀಕ್ ಕೂಡ ಕ್ಯಾಲಿಫೋರ್ನಿಯಾದಲ್ಲೇ ತೋಟ ಮಾಡಿದರು; ಅವರು ಮಾತ್ರ ಬೇರೂರಿ ನಿಂತು ಸಿರಿವಂತರಾದರು.

ಮಿಲ್ವಾಕಿಯ ತೋಟವನ್ನು ಉಳಿಸಿದವನು 1850ರಲ್ಲಿ ಅಲ್ಲಿಗೆ ಬಂದ ಇನ್ನೊಬ್ಬ ತಮ್ಮ ಸೆತ್. (ಈತ ಹೆಸರನ್ನು ಲೆವೆಲಿಂಗ್ ಎಂದೇ ಬರೆಯುತ್ತಿದ್ದ, ಅಣ್ಣ ಕಾಗುಣಿತ ಬದಲಿಸಿಕೊಂಡಿದ್ದ.) ಮಾತು ಕಡಿಮೆ, ಕೆಲಸ ಹೆಚ್ಚು ಎಂಬ ಜಾತಿಯ ಬೆಳೆಗಾರ. ರೈತರ ಸಂಘದಲ್ಲಿಯೂ ದುಡಿದ. ಶಾಸನಗಳನ್ನು ಜನರೇ ನೇರವಾಗಿ ಸೂಚಿಸಿ ಮತ ಹಾಕುವ ಹಕ್ಕು ಆರೆಗನ್‌ಗೆ 1902ರಲ್ಲಿ ಬಂತಷ್ಟೆ. ಅದರ ಮೊದಲ ಚರ್ಚೆಗಳು ನಡೆದದ್ದು ಈತನ ಮನೆಯಲ್ಲಿ, 1892ರ ಸುಮಾರಿಗೆ.

ಸೆತ್‌ನ ತೋಟದಲ್ಲಿ ಅಹ್ ಬಿಂಗ್ ಎಂಬ ಚೀನೀ ಮೇಸ್ತ್ರಿಯಿದ್ದ. ಆರಡಿ ಮೀರಿದ ಆಳು. ಹೆಂಡತಿ ಮಕ್ಕಳು ಚೀನಾದಲ್ಲಿ. 1875ರಲ್ಲಿ ಬೀಜದಿಂದ ಎಬ್ಬಿಸಿದ ಚೆರ್ರಿ ಸಸಿಗಳ ಪೈಕಿ ಒಂದು ಅದ್ಭುತವಾಗಿ ಬಂತು. ಹಣ್ಣು ದೊಡ್ಡದು, ಗಟ್ಟಿ, ದೂರ ಸಾಗಿಸಲು ಯೋಗ್ಯ. ಅದು ಬಿಂಗ್ ನೋಡಿಕೊಳ್ಳುತ್ತಿದ್ದ ಸಾಲಿನಲ್ಲೇ ಇತ್ತೆಂದು ಮನೆಯವರು ಹೇಳಿದ್ದುಂಟು. ಹೆಸರಿಡುವಾಗ ಸೆತ್ ತನ್ನ ಹೆಸರನ್ನಿಡದೆ ಬಿಂಗ್ ಎಂದೇ ಇಟ್ಟ. ಅಮೆರಿಕದ ಪೇಟೆಯಲ್ಲಿ ಇಂದಿಗೂ ಹೆಚ್ಚು ಪರಿಚಿತವಾದ ಸಿಹಿ ಚೆರ್ರಿ ಅದೇ.

ಚೀನೀ ಕೂಲಿಗಳು ದೇಶದೊಳಗೆ ಬರುವುದನ್ನು 1882ರ ಕಾಯಿದೆ ತಡೆದಿತ್ತು. ಊರಿಗೆ ಹೋದವರು ಮರಳುವ ದಾರಿಯನ್ನು 1888ರ ಕಾಯಿದೆ ಮುಚ್ಚಿತು. ಆ ಸುಮಾರಿಗೆ ಮನೆಮಂದಿಯನ್ನು ನೋಡಿಬರಲೆಂದು ಚೀನಾಕ್ಕೆ ಹೋದ ಬಿಂಗ್ ತಾನು ಬೆಳೆಸಿದ ಮರದ ಬಳಿಗೆ ತಿರುಗಿ ಬರಲಿಲ್ಲ. ಮಿಲ್ವಾಕಿಯಲ್ಲಿ ಆ ಮರದಿಂದ ಕಸಿಕಡ್ಡಿ ಕೊಯ್ಯುವ ಕೆಲಸ ನಡೆದೇ ಇತ್ತು.